ಈ ಎರಡು ಮನೆ ಬಾಡಿಗೆಗಾ?

ಒಂದು ಆ್ಯಪ್ ಬರುವುದಿದೆ. ಟ್ಯಾಬ್ಲೆಟ್ ಮೇಲೆ ಸಂಗೀತ ಕಟ್ಟುವ ಆ್ಯಪ್, ತಾಳ-ಸದ್ದು ಜೋಡಿಸಿ ಸುತ್ತು ಸುತ್ತಾಗಿ ಓಡಿಸುವ ಗ್ರೂವ್‌ಬಾಕ್ಸ್ ಎನ್ನುವ ಜಾತಿಯದು. ಹೆಸರು ಬರೆಯುವುದಿಲ್ಲ. ಅದನ್ನು ಮಾಡುತ್ತಿರುವವನು ಒಬ್ಬನೇ ಮನುಷ್ಯ, ಹಗಲು ಬೇರೆ ನೌಕರಿ, ರಾತ್ರಿ ಇದು. ಹೊರಬರುವ ಮೊದಲೇ ಹೆಸರೆತ್ತಿ ದೃಷ್ಟಿ ತಾಗಿಸುವುದು ಬೇಡ. ಅವನು ಆಗಾಗ ಒಂದು ಪುಟ್ಟ ವಿಡಿಯೊ ಹಾಕುತ್ತಾನೆ. ಮುಖ ಕಾಣುವುದಿಲ್ಲ, ಎರಡು ಕೈ, ಒಂದು ಟ್ಯಾಬ್ಲೆಟ್, ಪಕ್ಕದಲ್ಲಿ ಅರ್ಧ ಕುಡಿದ ಕಾಫಿ ಕಪ್ಪು. ಮಾತೂ ಇಲ್ಲ. ಬೆರಳು ಪ್ಯಾಡ್ ಮೇಲೆ ಬೀಳುತ್ತದೆ, ಕೆಳಗಿನ ಚೌಕಗಳ ಸಾಲಿನಲ್ಲಿ ದೀಪ ಎಡದಿಂದ ಬಲಕ್ಕೆ ಓಡುತ್ತದೆ, ತುದಿ ಮುಟ್ಟಿ ಮತ್ತೆ ಎಡಕ್ಕೆ ಹಾರುತ್ತದೆ. ಅಷ್ಟೇ. ಹೋದ ವಾರದ ವಿಡಿಯೊದಲ್ಲಿ ಒಂದು ಕಡೆ ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿ ನೋಡಿದೆ. ಪ್ರತಿ ಸಾಲಿನ ತುದಿಯಲ್ಲೂ ಇರುವೆಯಷ್ಟು ಗಾತ್ರದ ಒಂದು ಅಂಕಿ. ಎಲ್ಲ ಸಾಲಿನಲ್ಲೂ 16, ಮೂರನೆಯದರಲ್ಲಿ ಮಾತ್ರ 14.

ಆ 14 ನೋಡಿದ ಮೇಲೆ ನನಗೆ ಬೇರೆ ಕೆಲಸ ಸಾಗುತ್ತಿಲ್ಲ.

ನನ್ನ ಹೆಂಡತಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. "ಇನ್ನೊಂದಾ? ಇರೋದ್ರಲ್ಲಿ ಏನ್ ಕಮ್ಮಿಯಾಗಿದೆ ರೀ?" ಕಮ್ಮಿ ಏನೂ ಆಗಿಲ್ಲ. ಕೋರ್ಗ್ ಗ್ಯಾಜೆಟ್ ಇದೆ, ಬೀಟ್‌ಮೇಕರ್ ಇದೆ, ಡ್ರಾಂಬೊ ಇದೆ, ದುಡ್ಡೇ ಕೇಳದ ಗ್ಯಾರೇಜ್‌ಬ್ಯಾಂಡ್ ಅಂತೂ ಇದ್ದೇ ಇದೆ. ಇದರಲ್ಲಿ ಯಾವುದೊಂದನ್ನೂ ಪೂರ್ತಿ ಅರೆದು ಕುಡಿದವನಲ್ಲ ನಾನು. ಆದರೂ ಬರದೇ ಇರುವ ಒಂದಕ್ಕಾಗಿ ಕಾಯುತ್ತಿದ್ದೇನೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಬರೀ ಹೊಸ ಸಾಮಾನಿನ ಚಪಲ ಅಂತ ತಳ್ಳಿಹಾಕಬಹುದು, ಅದು ಅರ್ಧ ನಿಜವೂ ಹೌದು. ಮಿಕ್ಕ ಅರ್ಧ ಏನು ಅಂತ ಬರೆಯುತ್ತಾ ಹೋದರೆ ಗೊತ್ತಾಗಬಹುದು.

ಪೆಟ್ಟಿಗೆಯ ವೇಷ ಯಾಕೆ?

ಮೊದಲು ಒಂದು ವಿಚಿತ್ರದಿಂದ ಶುರು ಮಾಡೋಣ. ಟ್ಯಾಬ್ಲೆಟ್ ಅನ್ನುವುದು ಒಂದು ಗಾಜಿನ ಹಲಗೆ. ಅದರ ಮೇಲೆ ಏನು ಬೇಕಾದರೂ ಬರೆಯಬಹುದು. ವಾದ್ಯಕ್ಕೊಂದರಂತೆ ನೂರು ಟ್ರ್ಯಾಕ್ ಬೇಕೇ, ಇದೆ. ಸಾವಿರ ಸದ್ದು ಬೇಕೇ, ಅದೂ ಇದೆ. ಹೀಗಿರುವಾಗ ಒಬ್ಬ ಮನುಷ್ಯ ಕೂತು, ಅದರ ಮೇಲೆ ಹದಿನಾರು ಪ್ಯಾಡು, ಹದಿನಾರು ಚೌಕ, ಎಂಟು ಟ್ರ್ಯಾಕಿನ ಒಂದು ಪೆಟ್ಟಿಗೆಯ ಚಿತ್ರ ಬರೆದು, "ಇದರಾಚೆ ಏನೂ ಇಲ್ಲ" ಅನ್ನುತ್ತಾನೆ. ನಮ್ಮಂಥವರು ಅದಕ್ಕೆ ದುಡ್ಡು ಕೊಡಲು ಕಾಯುತ್ತೇವೆ.

ಗ್ರೂವ್‌ಬಾಕ್ಸ್ ಅನ್ನುವ ಹೆಸರು ಅಂಟಿಕೊಂಡದ್ದು 1996ರಲ್ಲಿ ರೋಲ್ಯಾಂಡ್ ಕಂಪನಿ ಎಂಸಿ-303 ಅನ್ನುವ ಯಂತ್ರ ತಂದಾಗ. ಡ್ರಮ್ಮು, ಬೇಸು, ಸಿಂಥು (ಕರೆಂಟಿನಿಂದಲೇ ಸ್ವರ ಹುಟ್ಟಿಸುವ ವಾದ್ಯ), ಇವನ್ನೆಲ್ಲ ಸಾಲಾಗಿ ಜೋಡಿಸುವ ಸೀಕ್ವೆನ್ಸರ್, ಎಲ್ಲ ಒಂದೇ ಡಬ್ಬಿಯಲ್ಲಿ. ಅದರ ಅಜ್ಜಂದಿರು ಇನ್ನೂ ಹಳಬರು. 1980ರ ಟಿಆರ್-808ರ ಮುಂಭಾಗದಲ್ಲಿ ಸಾಲಾಗಿ ಹದಿನಾರು ಗುಂಡಿ, ಒಂದೊಂದೂ ತಾಳದ ಒಂದೊಂದು ಚೂರು. ಒತ್ತಿದ ಗುಂಡಿಯಲ್ಲಿ ಸದ್ದು, ಒತ್ತದ್ದರಲ್ಲಿ ಮೌನ. 1988ರಲ್ಲಿ ಅಕಾಯ್ ಕಂಪನಿಗಾಗಿ ರೋಜರ್ ಲಿನ್ ರೂಪಿಸಿದ ಎಂಪಿಸಿ-60ರಲ್ಲಿ ನಾಲ್ಕು ಸಾಲು, ನಾಲ್ಕು ಕಂಬಗಳ ಹದಿನಾರು ರಬ್ಬರ್ ಪ್ಯಾಡ್. ಇವತ್ತಿಗೂ ಯಾವ ಆ್ಯಪ್ ತೆರೆದರೂ ಕಾಣುವುದು ಈ ಎರಡು ಚಿತ್ರಗಳೇ: ಹದಿನಾರು ಗುಂಡಿಯ ಸಾಲು, ನಾಲ್ಕು-ನಾಲ್ಕರ ಚೌಕ. 2010ರಲ್ಲಿ ಐಪ್ಯಾಡ್ ಅಂಗಡಿಗೆ ಬಂದ ತಿಂಗಳೇ ಕೋರ್ಗ್ ಕಂಪನಿ ತನ್ನ ಎಲೆಕ್ಟ್ರೈಬ್ ಯಂತ್ರವನ್ನು ಗುಂಡಿ-ದೀಪಗಳ ಸಮೇತ ಗಾಜಿನ ಮೇಲೆ ಇಳಿಸಿತ್ತು. ಅಂದಿನಿಂದ ಈ ವೇಷ ಕಳಚಿಲ್ಲ.

ಹಳೆಯ ಯಂತ್ರಗಳಿಗೆ ಮಿತಿ ಬಂದದ್ದು ಬಡತನದಿಂದ. ಮೆಮೊರಿ ದುಬಾರಿ. 1987ರ ಇ-ಮ್ಯು ಎಸ್‌ಪಿ-1200ರಲ್ಲಿ ಸದ್ದು ಹಿಡಿದಿಡಲು ಇದ್ದ ಜಾಗ ಒಟ್ಟು ಹತ್ತೇ ಸೆಕೆಂಡಿನದು. ನ್ಯೂಯಾರ್ಕಿನ ಹಿಪ್‌ಹಾಪ್ ಹುಡುಗರು ಅದಕ್ಕೊಂದು ಉಪಾಯ ಮಾಡಿದರು: ನಿಮಿಷಕ್ಕೆ 33 ಸುತ್ತಿನ ಎಲ್‌ಪಿ ತಟ್ಟೆಯನ್ನು 45ರಲ್ಲಿ ಓಡಿಸಿ, ಗಡಿಬಿಡಿಯ ಆ ಸದ್ದನ್ನು ಒಳಗೆ ಹಿಡಿದು, ಆಮೇಲೆ ಯಂತ್ರದೊಳಗೆ ಅದನ್ನು ನಿಧಾನ ಮಾಡಿದರು. ಕಮ್ಮಿ ಜಾಗದಲ್ಲಿ ಹೆಚ್ಚು ಸದ್ದು ಹಿಡಿಯಿತು. ಹಾಗೆ ಎಳೆದು ನಿಧಾನ ಮಾಡಿದ್ದಕ್ಕೆ ಡ್ರಮ್ಮಿಗೆ ಒಂದು ಮರಳು ಮರಳಾದ ಗುಣ ಅಂಟಿಕೊಂಡಿತು. ಆ ಮರಳನ್ನೇ ಜನ ಪ್ರೀತಿಸಿದರು. ಇವತ್ತು ಅದೇ ಮರಳನ್ನು ಬೇಕೆಂದೇ ಉದುರಿಸಲು ಪ್ಲಗಿನ್ ಅನ್ನುವ ಪ್ರತ್ಯೇಕ ಪುಟ್ಟ ತಂತ್ರಾಂಶಗಳು ಸಿಗುತ್ತವೆ, ಕಾಸು ಕೊಟ್ಟು ಕೊಳ್ಳಬೇಕು.

ಟ್ಯಾಬ್ಲೆಟ್ಟಿಗೆ ಅಂಥ ಬಡತನ ಇಲ್ಲ. ಇಲ್ಲಿ ಮಿತಿ ಅನ್ನುವುದು ಮಾಡಿದವನ ಮನಸ್ಸಿನಿಂದಲೇ ಬರಬೇಕು. ನನ್ನ ಆ್ಯಪ್‌ನ ಪುಣ್ಯಾತ್ಮನಿಗೆ (ಆಗಲೇ ನನ್ನದು ಅಂತಿದ್ದೇನೆ ನೋಡಿ) ಜನ ಕೇಳುತ್ತಲೇ ಇದ್ದಾರೆ: ಉದ್ದಕ್ಕೆ ಹಾಡು ಜೋಡಿಸುವ ಟೈಮ್‌ಲೈನ್ ಕೊಡು, ಇನ್ನೊಂದೆಂಟು ಟ್ರ್ಯಾಕ್ ಕೊಡು. ಅವನು ಎರಡಕ್ಕೂ ಇಲ್ಲ ಅಂದಿದ್ದಾನೆ. ಇಲ್ಲ ಅನ್ನಲು ಬರುವ ಮನುಷ್ಯ ಅಂತ ನನಗೆ ಅವನ ಮೇಲೆ ಗೌರವ ಬಂದದ್ದು ಆಗಲೇ.

ಎಂಟು ಪ್ಯಾಡು

ಈ ಗೌರವದ ಬೇರು ಎಲ್ಲಿದೆ ಅಂತ ಹುಡುಕಿದರೆ ತಿಪಟೂರಿಗೆ ಹೋಗಿ ನಿಲ್ಲುತ್ತೇನೆ. ನಮ್ಮೂರ ಸತ್ಯಗಣಪತಿ ಗೊತ್ತಿರುವವರಿಗೆ ಅಲ್ಲಿನ ರಸಮಂಜರಿ ಕಾರ್ಯಕ್ರಮಗಳೂ ಗೊತ್ತು. ಹುಡುಗರೆಲ್ಲ ವೇದಿಕೆಯ ಮುಂದೆ ಹಾಡುವವರನ್ನು ನೋಡಲು ಜಗ್ಗಾಡುತ್ತಿದ್ದರೆ ನಾನು ಪಕ್ಕದ ಮೆಟ್ಟಿಲಿನಿಂದ ಹತ್ತಿ, ಪರದೆಯ ಮರೆಯಲ್ಲಿ, ರಿದಂ ಪ್ಯಾಡ್ ನುಡಿಸುವವರ ಬೆನ್ನ ಹಿಂದೆ ಕೂರುತ್ತಿದ್ದೆ. ಅವರು ನಮ್ಮ ಬೀದಿಯವರೇ, ಹಗಲು ವೈಂಡಿಂಗ್ ಅಂಗಡಿ. ಹಾಗಾಗಿ ಯಾರೂ ನನ್ನನ್ನು ಎಬ್ಬಿಸುತ್ತಿರಲಿಲ್ಲ.

ಅದು ರೋಲ್ಯಾಂಡ್ ಎಸ್‌ಪಿಡಿ-20. ಆ ಕಾಲದ ಆರ್ಕೆಸ್ಟ್ರಾಗಳಲ್ಲಿ ಅದಿಲ್ಲದ ತಂಡವೇ ಇರಲಿಲ್ಲ ಅನ್ನಬಹುದು. ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಕಪ್ಪು ರಬ್ಬರ್ ಪ್ಯಾಡು. ಮೇಲಿನ ಸಾಲಿನ ಬಲತುದಿಯ ಪ್ಯಾಡ್ ಸವೆದು ನುಣ್ಣಗಾಗಿ, ಸ್ಟೇಜ್ ಲೈಟಿಗೆ ಹೊಳೆಯುತ್ತಿತ್ತು. ಢೋಲಕ್ಕಿನ ಗುಮ್ಮು ಯಾವಾಗಲೂ ಅಲ್ಲೇ ಇರುತ್ತಿತ್ತು. ಕಡ್ಡಿಗಳ ಹಿಡಿಗೆ ಅಂಗಡಿಯದೇ ಕಪ್ಪು ಇನ್ಸುಲೇಷನ್ ಟೇಪು ಸುತ್ತಿದ್ದರು. ಸ್ಟ್ಯಾಂಡಿಗೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಪ್ಲಾಸ್ಟಿಕ್ ಕವರು ಕಟ್ಟಿದ್ದರು, ಅದರೊಳಗೆ ರೂಲ್ಡ್ ಹಾಳೆ, ಹಾಡಿನ ಮೊದಲ ಎರಡು ಪದ, ಎದುರಿಗೆ ಪ್ಯಾಚ್ ನಂಬರು, ಅಂದರೆ ಆ ಹಾಡಿಗೆ ಜೋಡಿಸಿಟ್ಟ ಎಂಟು ಸದ್ದಿನ ಗುಂಪಿನ ನಂಬರು. ನಿರೂಪಕ ಮುಂದಿನ ಹಾಡು ಹೇಳುವಷ್ಟರಲ್ಲಿ ಇವರ ಕಣ್ಣು ಹಾಳೆಯ ಮೇಲೆ, ಎಡಗೈ ಗುಂಡಿಯ ಮೇಲೆ. ನಂಬರು ತಪ್ಪಿದರೆ ಭಕ್ತಿಗೀತೆಗೆ ಡಿಸ್ಕೊ ಡ್ರಮ್ಮು. ಹಾಗಾದದ್ದು ನಾನಂತೂ ನೋಡಿಲ್ಲ.

ಕ್ಯಾಸೆಟ್ಟಿನ ಹಾಡಿನಲ್ಲಿ ಇಪ್ಪತ್ತು ಥರದ ತಾಳವಾದ್ಯ ಇರುತ್ತದೆ. ತಬಲಾ, ಢೋಲಕ್, ಮಂಜೀರ, ಘಟ, ಡ್ರಮ್ ಕಿಟ್ಟು, ಬಾಂಗೊ. ಇವರ ಕೈಯಲ್ಲಿ ಎಂಟು. ಯಾವ ಎಂಟು? ಕಾರ್ಯಕ್ರಮಕ್ಕೆ ಹೋಗುವ ದಾರಿಯಲ್ಲಿ ಟೆಂಪೊದಲ್ಲಿ ಕೂತು, ವಾಕ್‌ಮನ್ ಕಿವಿಗೆ ಹಾಕಿಕೊಂಡು, ಮುಂದಿನ ಸೀಟಿನ ಬೆನ್ನಿಗೆ ಬೆರಳಲ್ಲಿ ಬಡಿಯುತ್ತಾ ಅವರು ಮಾಡುತ್ತಿದ್ದ ಕೆಲಸ ಅದೇ. ಮಂಜೀರ ಬಿಡೋಣ, ಅದನ್ನು ಕೀಬೋರ್ಡಿನವನು ಮೇಲುಗಡೆ ಎಲ್ಲೋ ಒಂದು ಕೀಲಿಗೆ ಹಾಕಿಕೊಳ್ಳಲಿ. ಘಟ ಇಟ್ಟುಕೊಳ್ಳೋಣ, ಚರಣದಲ್ಲಿ ಅದಿಲ್ಲದಿದ್ದರೆ ಹಾಡು ಬೋಳು. ಒಮ್ಮೆ ನಾನು ಕೇಳಿದ್ದೆ, "ಅಣ್ಣ, ಎಂಟು ಪ್ಯಾಡ್ ಸಾಕಾಗುತ್ತಾ?" ಅವರು ತಿರುಗಿ ನೋಡದೆ, ಟೇಪು ಸುತ್ತುತ್ತಲೇ ಹೇಳಿದರು: "ಕೈ ಇರೋದೇ ಎರಡು ಕಣಪ್ಪ. ಎಂಟು ಕೊಟ್ಟಿರೋದೇ ಜಾಸ್ತಿ."

ಗಾಜಿನ ಮೇಲೆ ನುಡಿಸಲು ಕೂತಾಗೆಲ್ಲ ಆ ರಬ್ಬರಿನ ಹೊಳಪು ನೆನಪಾಗುತ್ತದೆ. ಗಾಜು ಎಷ್ಟು ಬಡಿದರೂ ಸವೆಯುವುದಿಲ್ಲ, ಯಾವ ಸದ್ದು ಎಲ್ಲಿದೆ ಅಂತ ಬೆರಳಿಗೆ ಗುರುತು ಕೊಡುವುದಿಲ್ಲ. ಜೋರಾಗಿ ಹೊಡೆದಿರೋ ಮೆಲ್ಲಗೆ ಹೊಡೆದಿರೋ ಅನ್ನುವುದೂ ಅದಕ್ಕೆ ನೇರವಾಗಿ ತಿಳಿಯುವುದಿಲ್ಲ. 2011ರಲ್ಲಿ ಗ್ಯಾರೇಜ್‌ಬ್ಯಾಂಡ್ ಐಪ್ಯಾಡಿಗೆ ಬಂದಾಗ, ಬಡಿತಕ್ಕೆ ಇಡೀ ಟ್ಯಾಬ್ಲೆಟ್ ಎಷ್ಟು ಅಲುಗಿತು ಅಂತ ಒಳಗಿನ ಸೆನ್ಸರಿನಿಂದ ಅಳೆದು ಜೋರು-ಮೆಲ್ಲಗೆ ಊಹಿಸುವ ಜಾಣತನ ಮಾಡಿದ್ದರು. ಬೇರೆಯವರು ಪ್ಯಾಡಿನ ಮೇಲ್ಭಾಗ ಮುಟ್ಟಿದರೆ ಜೋರು, ಕೆಳಭಾಗ ಮುಟ್ಟಿದರೆ ಮೆಲ್ಲಗೆ ಅಂತ ಮಾಡಿದರು. ಎರಡೂ ಅಭ್ಯಾಸವಾದರೆ ಪರವಾಗಿಲ್ಲ. ಇದರ ಮೇಲೆ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಕೂತಿರೋ, ಮುಗಿಯಿತು ಕಥೆ: ಬೆರಳು ಬಿದ್ದ ಎಷ್ಟೋ ಹೊತ್ತಿಗೆ ಸದ್ದು ಬರುತ್ತದೆ, ತಾಳ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತಿರುವ ಹಾಗೆ. ನಿಮಿಷಕ್ಕೆ 120 ಬಡಿತದ ವೇಗದಲ್ಲಿ ಒಂದೊಂದು ಚೌಕಕ್ಕೆ ಸಿಗುವುದು 125 ಮಿಲಿಸೆಕೆಂಡು ಮಾತ್ರ. ಬ್ಲೂಟೂತ್ ಎಷ್ಟೋ ಸಲ ಅದಕ್ಕಿಂತ ಹೆಚ್ಚು ನುಂಗಿಬಿಡುತ್ತದೆ. ವೈರ್ ಇರುವ ಹಳೆ ಹೆಡ್‌ಫೋನೇ ಗತಿ. ಅದಕ್ಕೆ ಹೊಸ ಟ್ಯಾಬ್ಲೆಟ್ಟಿನಲ್ಲಿ ಜಾಕ್ ಇಲ್ಲ, ಇನ್ನೊಂದು ಅಡಾಪ್ಟರ್ ಕೊಳ್ಳಿ.

ಮೇಷ್ಟ್ರು ಲೆಕ್ಕ ಹಾಕಿದ್ದು

ಮಿತಿ ಒಳ್ಳೆಯದು ಅಂತ ಇಷ್ಟೆಲ್ಲ ಹೊಗಳಿದ ಮೇಲೆ ಒಂದು ತಕರಾರು ಎತ್ತಲೇಬೇಕು. ಆ ಮಿತಿ ಯಾರದು?

ಹನುಮಂತನಗರದಲ್ಲಿ ನಾವಿದ್ದ ಮನೆಯ ಮಹಡಿಯಲ್ಲಿ ಒಬ್ಬರು ಮೃದಂಗದ ಮೇಷ್ಟ್ರಿದ್ದರು. ಸಂಜೆ ಪಾಠ ಮುಗಿಸಿ ಕೆಲವೊಮ್ಮೆ ಕೆಳಗೆ ಬಂದು ಕೂರುವರು. ಒಂದು ದಿನ ನನ್ನ ತೊಡೆಯ ಮೇಲಿದ್ದ ಟ್ಯಾಬ್ಲೆಟ್ಟಿನಲ್ಲಿ ದೀಪ ಓಡುವುದು ಅವರ ಕಣ್ಣಿಗೆ ಬಿತ್ತು. "ಏನಪ್ಪಾ ಇದು, ಚೌಕಾಬಾರ ಇದ್ದ ಹಾಗಿದೆ?" ವಿವರಿಸಿದೆ. ಒಂದೊಂದು ಮನೆಯೂ ಒಂದೊಂದು ಮಾತ್ರೆ, ಎಲ್ಲಿ ಒತ್ತುತ್ತೀರೋ ಅಲ್ಲಿ ಸದ್ದು. ಅವರಿಗೆ ಅರೆಗಳಿಗೆಯಲ್ಲಿ ಅರ್ಥವಾಯಿತು. ತಾಳ ಎಣಿಸುವವರಿಗೆ ಇದರಲ್ಲಿ ಹೊಸತೇನೂ ಇಲ್ಲ. "ಸರಿ, ಮಿಶ್ರಛಾಪು ಹಾಕು ನೋಡೋಣ" ಅಂದರು.

ತೊಡೆ ತಟ್ಟುತ್ತಾ ಹೇಳಿದರು: ತಕಿಟ ತಕ ದಿಮಿ. ಮೂರು, ಎರಡು, ಎರಡು, ಒಟ್ಟು ಏಳು. ಅಕ್ಷರಕ್ಕೆ ಎರಡು ಮನೆಯಂತೆ ಹದಿನಾಲ್ಕು. ನಾನು ಒಂದನೆಯ ಮನೆ ಒತ್ತಿದೆ, ಏಳನೆಯದು ಒತ್ತಿದೆ, ಹನ್ನೊಂದನೆಯದು ಒತ್ತಿದೆ. ದೀಪ ಹದಿನಾಲ್ಕು ದಾಟಿ ಹದಿನೈದು, ಹದಿನಾರಕ್ಕೆ ಹೋಯಿತು, ಏನೂ ಸದ್ದಿಲ್ಲದೆ, ಮತ್ತೆ ಒಂದಕ್ಕೆ. ಮೇಷ್ಟ್ರ ಕೈ ಆಗಲೇ ಸಮಕ್ಕೆ, ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟಿಗೆ, ಬಿದ್ದು ಮುಂದೆ ಹೋಗಿತ್ತು. ಅವರು ಬಗ್ಗಿ, ಖಾಲಿ ಬಿದ್ದ ಆ ಎರಡು ಚೌಕಗಳ ಮೇಲೆ ಬೆರಳಿಟ್ಟು ಕೇಳಿದರು: "ಈ ಎರಡು ಮನೆ ಬಾಡಿಗೆಗಾ?"

ಉದ್ದ ಬದಲಿಸಬಹುದು ಮೇಷ್ಟ್ರೇ, ಅಂದೆ. ಮೆನು ತೆಗೆದೆ, ಅದರೊಳಗಿನ ಮೆನು ತೆಗೆದೆ, ಪ್ಯಾಟರ್ನ್ ಉದ್ದ 14 ಅಂತ ಕೊಟ್ಟೆ. ಮಿಶ್ರಛಾಪು ಸರಿಹೋಯಿತು. ಆದರೆ ಪಕ್ಕದ ಸಾಲಿನಲ್ಲಿ ನಾಲ್ಕು ನಾಲ್ಕಕ್ಕೆ ಬೀಳುತ್ತಿದ್ದ ದಪ್ಪ ಡ್ರಮ್ಮೂ ಹದಿನಾಲ್ಕಕ್ಕೆ ಕತ್ತರಿಸಿಕೊಂಡು ಕುಂಟತೊಡಗಿತು. ನನಗೆ ಬೇಕಿದ್ದದ್ದು ಅದಲ್ಲ. ಅದು ಹದಿನಾರರಲ್ಲೇ ತನ್ನ ಪಾಡಿಗೆ ಇರಬೇಕು, ಇದು ಹದಿನಾಲ್ಕರಲ್ಲಿ ಅದರ ಮೇಲೆ ಜಾರುತ್ತಾ ಹೋಗಬೇಕು, ಕೊನೆಗೆ ಎಲ್ಲೋ ಒಂದು ಕಡೆ ಇಬ್ಬರೂ ಒಟ್ಟಿಗೆ ಸಮಕ್ಕೆ ಬರಬೇಕು. "ಎಲ್ಲಿ ಸೇರುತ್ತೆ?" ಅಂತ ಮೇಷ್ಟ್ರೇ ಕೇಳಿ, ನಾನು ಕ್ಯಾಲ್ಕುಲೇಟರ್ ತೆಗೆಯುವುದರೊಳಗೆ ಅವರೇ ಹೇಳಿದರು, "ನೂರಾಹನ್ನೆರಡು. ಇದು ಎಂಟು ಆವರ್ತ, ಅದು ಏಳು." ಟ್ರ್ಯಾಕಿಗೊಂದು ಉದ್ದ ಕೊಡುವ ಸೌಲಭ್ಯ ಆ ಆ್ಯಪ್‌ನಲ್ಲಿ ಇದ್ದರೂ ಇರಬಹುದು ಅಂತ ನಾನು ಸೆಟ್ಟಿಂಗ್ಸ್ ತಡಕುತ್ತಲೇ ಇದ್ದೆ. ಅವರು ಎದ್ದರು. "ನೀನು ಹುಡುಕ್ತಾ ಇರು, ಮೇಲೆ ಕುಕ್ಕರ್ ಕೂಗ್ತಾ ಇದೆ."

ಹದಿನಾರು ಅನ್ನುವುದು ಯಾರೋ ಹಗೆಯಿಂದ ಹಾಕಿದ ಬೇಲಿಯಲ್ಲ. ಡಿಸ್ಕೊ, ಹಿಪ್‌ಹಾಪ್, ಹೌಸ್ ಇವೆಲ್ಲ ನಾಲ್ಕು ಬಡಿತದ ಸಂಗೀತ, ಬಡಿತವನ್ನು ನಾಲ್ಕಾಗಿ ಸೀಳಿದರೆ ಹದಿನಾರು, ಅಷ್ಟೇ ಗುಂಡಿ ಇಟ್ಟರು. ನಮ್ಮ ಆದಿತಾಳವೂ ಎಂಟು ಅಕ್ಷರದ್ದು, ಹದಿನಾರರಲ್ಲಿ ಸಲೀಸಾಗಿ ಕೂರುತ್ತದೆ. ಒಂದು ಮನೆ ಬಿಟ್ಟು, ಎರಡನೆಯದರಿಂದ "ತದಿಗಿಣತೊಂ" ಮೂರು ಸಲ ಹಾಕಿ: ಐದು ಮೂರಲ ಹದಿನೈದು, ಸರಿಯಾಗಿ ಸಮಕ್ಕೆ ಬಂದು ಬೀಳುತ್ತೀರಿ. ಮೊದಲ ಸಲ ಇದು ಗಾಜಿನ ಮೇಲೆ ಕೂಡಿಬಂದಾಗ ನಾನು ಒಬ್ಬನೇ ಜೋರಾಗಿ ನಕ್ಕಿದ್ದೆ. ಆದರೆ ಯಕ್ಷಗಾನದ ತ್ರಿವುಡೆ ಏಳು, ಝಂಪೆ ಹತ್ತು, ಖಂಡಛಾಪು ಐದು. ಇವು ಬಂದ ಕೂಡಲೇ ಬಾಡಿಗೆ ಮನೆಗಳು ಶುರುವಾಗುತ್ತವೆ. ಖಾಲಿ ಬಿಡಲು ಮನಸ್ಸು ಒಪ್ಪದೆ ಏನಾದರೊಂದು ತುಂಬುತ್ತೀರಿ. ಹಾಗೆ ತುಂಬಿದ ಮೇಲೆ ಅದು ಝಂಪೆ ಅಲ್ಲ, ಝಂಪೆಯ ಗುರುತು ಹಚ್ಚಿಕೊಂಡ ಡಿಸ್ಕೊ.

ಡಿಸ್ಕೊ ಅಂದೆನಲ್ಲ, ಅದನ್ನು ಬೇಕೆಂದೇ ಮಾಡಿ ಗೆದ್ದವರೂ ಇದ್ದಾರೆ. ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣಜಿತ್ ಸಿಂಗ್ 1982ರಲ್ಲಿ ಮುಂಬೈಯಲ್ಲಿ ಮೂರು ರೋಲ್ಯಾಂಡ್ ಯಂತ್ರ ಇಟ್ಟುಕೊಂಡು ಕೂತರು: ಜ್ಯೂಪಿಟರ್-8 ಸಿಂಥ್, ಟಿಬಿ-303 ಬೇಸ್ ಯಂತ್ರ, ಟಿಆರ್-808 ಡ್ರಮ್. ಹತ್ತು ರಾಗಗಳನ್ನು ಡಿಸ್ಕೊ ಬಡಿತದ ಮೇಲೆ ಕೂರಿಸಿ, ತಟ್ಟೆಗೆ "ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್" ಅಂತಲೇ ಹೆಸರಿಟ್ಟರು. ಭೈರವ್, ಲಲಿತ್, ಯಮನ್, ಮಾಲ್ಕೌಂಸ್. ಟಿಬಿ-303ರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಒಂದು ಗುಣವಿದೆ; ರಾಗದ ಓಡಾಟಕ್ಕೆ ಅದು ಹೇಳಿ ಮಾಡಿಸಿದಂತೆ ಒದಗಿತು. ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಅದೇ ಟಿಬಿ-303 ಹಿಡಿದು ಶಿಕಾಗೋದ ಹುಡುಗರು ಆಸಿಡ್ ಹೌಸ್ ಅನ್ನುವ ಕುಣಿತದ ಸಂಗೀತ ಮಾಡಿ ಹೆಸರಾದದ್ದು ಎಂಬತ್ತರ ದಶಕದ ಕೊನೆಗೆ. 2010ರಲ್ಲಿ ಆ ತಟ್ಟೆ ಮತ್ತೆ ಅಚ್ಚಾದಾಗ ಲೋಕ ಹೌಹಾರಿತು, ಇದು ಇಲ್ಲಿ ಅಷ್ಟು ಮೊದಲೇ ಆಗಿತ್ತೇ ಎಂದು. ನಾನೂ ಹೌಹಾರಿದವನೇ. ಕೇಳುತ್ತಾ ಹೋದಂತೆ ಇನ್ನೊಂದೂ ಕಂಡಿತು: ರಾಗ ಹತ್ತು, ಬಡಿತ ಒಂದೇ. ತಾಳವನ್ನು ಯಂತ್ರದ ಪಾಲಿಗೆ ಬಿಟ್ಟುಕೊಟ್ಟು ರಾಗವನ್ನು ತಮ್ಮಲ್ಲಿ ಇಟ್ಟುಕೊಂಡರು. ಹೆಸರಿನಲ್ಲೇ ಹಾಗೆ ಹೇಳಿಕೊಂಡಿರುವುದರಿಂದ ದೂರುವ ಹಾಗೂ ಇಲ್ಲ.

ಇದಕ್ಕೆ ಉಲ್ಟಾ ದಾರಿ ಬೆಂಗಳೂರಿನದು. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಕಟ್ಟಿದ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ಸಂಗೀತ ಕಲಿಯುವ ಮನೆಗಳಲ್ಲಿ ಹೊಸತೇನಲ್ಲ. ಎಲೆಕ್ಟ್ರಾನಿಕ್ ತಂಬೂರಿ, ಶ್ರುತಿಪೆಟ್ಟಿಗೆ, ತಾಳಮಾಲ. ತಾಳಮಾಲದಲ್ಲಿ ಮೊದಲು ಆರಿಸುವುದೇ ತಾಳವನ್ನು. ಉದ್ದ ಅದರ ಹಿಂದೆ ತಾನಾಗಿ ಬರುತ್ತದೆ. ಅಲ್ಲಿ ಬಾಡಿಗೆ ಮನೆಯ ಪ್ರಶ್ನೆಯೇ ಇಲ್ಲ. ಆದರೆ ಅದು ಅಭ್ಯಾಸಕ್ಕೆ ಜೊತೆ ಕೂರುವ ಪೆಟ್ಟಿಗೆ. ನನಗೆ ಬೇಕಿರುವುದು ಅದರ ಬುದ್ಧಿ, ಗ್ರೂವ್‌ಬಾಕ್ಸಿನ ತುಂಟತನದ ಜೊತೆಗೆ.

ಸಾಲಿಗೊಂದು ಉದ್ದ ಅನ್ನುವುದು ಜಗತ್ತಿನಲ್ಲಿ ಇಲ್ಲವೇ ಅಂದರೆ, ಇದೆ. ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿಯ ಯಂತ್ರಗಳಲ್ಲಿ ಇದೆ, ಡ್ರಾಂಬೊದಲ್ಲೂ ಇದೆ. ಆದರೆ ಅವುಗಳಲ್ಲಿ ಅದು ಬಲ್ಲವರಿಗೆ ಇಟ್ಟ ಸೌಲಭ್ಯ, ಒಂದೆರಡು ಒತ್ತಿನ ಒಳಗೆ. ಪರದೆಯ ಮೇಲೆಯೇ, ಸಾಲಿನ ತುದಿಯಲ್ಲೇ, ಒಂದು ಅಂಕಿಯಾಗಿ ಅದು ಕೂತಿರುವುದು ಬೇರೆ ಮಾತು. ಎದುರಿಗೆ ಕಂಡದ್ದನ್ನು ಕೈ ಮುಟ್ಟುತ್ತದೆ. ಮೇಷ್ಟ್ರು ಅಂದು ಆ 14 ಅನ್ನು ತಾವೇ ಬೆರಳಿನಿಂದ ಎಳೆದು ಇಟ್ಟುಕೊಳ್ಳುವಂತಿದ್ದರೆ ಕುಕ್ಕರ್ ಇನ್ನೂ ನಾಲ್ಕು ಸೀಟಿ ಹೊಡೆದರೂ ಏಳುತ್ತಿರಲಿಲ್ಲ ಅಂತ ನನ್ನ ಊಹೆ.

ಕಾದವರ ಕಥೆ

ಈ ಜಗತ್ತಿನಲ್ಲಿ ಕಾಯುವುದಕ್ಕೂ ಒಂದು ಚರಿತ್ರೆಯಿದೆ. ನ್ಯಾನೊಸ್ಟುಡಿಯೊ ಅಂತ ಒಂದು ಆ್ಯಪ್ 2010ರಲ್ಲಿ ಬಂದಿತ್ತು. ಫೋನಿನಲ್ಲಿ ಇಡೀ ಹಾಡು ಕಟ್ಟಬಹುದೆಂದು ಬಹಳ ಜನಕ್ಕೆ ತೋರಿಸಿಕೊಟ್ಟದ್ದು ಅದು. ಎರಡನೆಯ ಆವೃತ್ತಿ ಬರುತ್ತದೆ, ಬರುತ್ತದೆ ಅಂತ ಜನ ವರ್ಷಗಟ್ಟಲೆ ಕಾದರು. ಬಂದದ್ದು 2018ರ ಡಿಸೆಂಬರಿನಲ್ಲಿ. ಅದರ ಆಬ್ಸಿಡಿಯನ್ ಸಿಂಥ್ ಸೊಗಸು, ಸ್ಲೇಟ್ ಅನ್ನುವ ಡ್ರಮ್ ಪ್ಯಾಡು ಅಚ್ಚುಕಟ್ಟು. ಆದರೆ ಹಾಡಿದ್ದನ್ನು ನೇರ ಹಿಡಿದಿಡುವ ಆಡಿಯೊ ಟ್ರ್ಯಾಕ್ ಅದರಲ್ಲಿ ಇರಲಿಲ್ಲ. ಕಾಯುವ ವರ್ಷಗಳಲ್ಲಿ ಪ್ರತಿಯೊಬ್ಬರೂ ಮನಸ್ಸಿನಲ್ಲಿ ತಮ್ಮದೊಂದು ನ್ಯಾನೊಸ್ಟುಡಿಯೊ ಕಟ್ಟಿಕೊಂಡಿದ್ದರು, ಆ ಎಲ್ಲದರಲ್ಲೂ ಆಡಿಯೊ ಟ್ರ್ಯಾಕ್ ಇತ್ತು. ನಿಜವಾದದ್ದು ಎಷ್ಟೇ ಚೆನ್ನಾಗಿದ್ದರೂ ಮನಸ್ಸಿನದರ ಜೊತೆ ಸೆಣಸಬೇಕಾಯಿತು. ನನಗೆ ಅದು ಹಿಡಿಸಿತು, ಈಗಲೂ ಬಳಸುತ್ತೇನೆ. ಅದಕ್ಕಾಗಿ ಬಹಳ ಕಾದವರೇ ಬೇಗ ಬೇಸರಗೊಂಡದ್ದನ್ನೂ ನೋಡಿದೆ.

ಇನ್ನೊಂದು ಸಂಗತಿ, ಇದನ್ನು ಹಾರ್ಡ್‌ವೇರ್ ಭಕ್ತರು ಸದಾ ಎತ್ತಿ ಆಡುತ್ತಾರೆ: ಆ್ಯಪ್‌ಗೆ ಆಯಸ್ಸು ಕಮ್ಮಿ. 2017ರಲ್ಲಿ ಐಪ್ಯಾಡು, ಐಫೋನು ನಡೆಸುವ ಐಓಎಸ್ ತಂತ್ರಾಂಶದ 11ನೆಯ ಆವೃತ್ತಿ ಬಂದಾಗ 32 ಬಿಟ್‌ನ ಹಳೆ ಆ್ಯಪ್‌ಗಳು ಓಡುವುದೇ ನಿಂತಿತು. ಹೊಸದಾಗಿ ಬರೆಯಲು ಪುರುಸೊತ್ತಿಲ್ಲದ ಒಂಟಿ ಮನುಷ್ಯರ ಆ್ಯಪ್‌ಗಳು ಅಲ್ಲಿಗೇ ಮುಗಿದವು. 1980ರ ಟಿಆರ್-808ಕ್ಕೆ ಇವತ್ತೂ ಕರೆಂಟು ಕೊಟ್ಟರೆ ಬಡಿಯುತ್ತದೆ. ಭಕ್ತರು ಹೇಳುವುದು ಸರಿ. ಆದರೆ ಆ 808ರ ಇವತ್ತಿನ ರೇಟಿಗೆ ನಮ್ಮ ಮನೆಯ ಎರಡು ವರ್ಷದ ಶಾಲೆ ಫೀಸು ಕಟ್ಟಬಹುದು ಅನ್ನುವುದನ್ನು ಅವರು ಹೇಳುವುದಿಲ್ಲ. ಟ್ಯಾಬ್ಲೆಟ್ ಹೇಗೂ ಮನೆಯಲ್ಲಿದೆ, ಮಗಳ ಹೋಂವರ್ಕ್ ಮುಗಿದ ಮೇಲೆ ನನ್ನದು. ನಮ್ಮಂಥವರಿಗೆ ಪೆಟ್ಟಿಗೆಯ ಚಿತ್ರವೇ ಪೆಟ್ಟಿಗೆ.

ತಮಟೆ, ಕಾಯಿಸಿದ್ದು ಮತ್ತು ಆರಿದ್ದು

ಸುಮ್ಮನೆ ಕೂತು ಕಾಯುವ ಸ್ವಭಾವ ನನ್ನದಲ್ಲ. ಆ್ಯಪ್‌ಗೆ ತುಂಬಲು ಸದ್ದು ಕೂಡಿಡುತ್ತಿದ್ದೇನೆ. ಹೆಂಡತಿಯ ಊರು ಮಾಗಡಿ ಕಡೆ. ಈ ಸಲ ಹಬ್ಬಕ್ಕೆ ಹೋದಾಗ ಊರಿನ ತಮಟೆಯವರೊಬ್ಬರನ್ನು ಕೇಳಿಕೊಂಡೆ, ಒಂದೊಂದೇ ಪೆಟ್ಟು ಬಿಡಿಬಿಡಿಯಾಗಿ ಬೇಕು ಅಂತ. ಅವರಿಗೆ ನಗು. "ಒಂದೇ ಏಟು ತಗಂಡು ಏನ್ ಮಾಡ್ತೀಯ ಸಾಮಿ, ಊಟಕ್ಕೆ ಒಂದೇ ಅಗುಳು ಕೇಳ್ದಂಗೆ." ಆದರೂ ಒಪ್ಪಿದರು. ಹುಲ್ಲಿಗೆ ಬೆಂಕಿ ಹಚ್ಚಿ ತಮಟೆಯ ಮುಖವನ್ನು ಅದಕ್ಕೆ ಹಿಡಿದರು, ತಿರುಗಿಸುತ್ತಾ, ನಡುನಡುವೆ ಬೆರಳಲ್ಲಿ ತಟ್ಟಿ ಕೇಳುತ್ತಾ. ಚರ್ಮ ಬಿಗಿಯುತ್ತಾ ಹೋದಂತೆ "ದಬ್" ಅನ್ನುತ್ತಿದ್ದದ್ದು "ಟಣ್" ಅನ್ನತೊಡಗಿತು. ನಾನು ಫೋನಿನ ರೆಕಾರ್ಡರ್ ಒತ್ತಿದೆ. ದಪ್ಪ ಕಡ್ಡಿಯ ಪೆಟ್ಟು, ತೆಳು ಕಡ್ಡಿಯ ಪೆಟ್ಟು, ಅಂಚಿನದು, ನಡುವಿನದು. ಸ್ವಲ್ಪ ಹೊತ್ತಿನಲ್ಲೇ ತಮಟೆ ಆರಿ ಸ್ವರ ಇಳಿಯಿತು, ಮತ್ತೆ ಬೆಂಕಿ. ಮನೆಗೆ ಬಂದು ಕೇಳಿದರೆ ಒಂದೇ ಪೆಟ್ಟಿನ ಎರಡು ಪ್ರತಿಯೂ ಒಂದೇ ಥರ ಇಲ್ಲ. ಬಿಸಿಯದು ಬೇರೆ, ಆರುತ್ತಿರುವುದು ಬೇರೆ, ಆರಿದ್ದು ಬೇರೆ.

ಒಂದೇ ರೆಕಾರ್ಡಿಂಗನ್ನು ಯಂತ್ರ ಮತ್ತೆ ಮತ್ತೆ ಬಡಿದರೆ ಅದು ತಮಟೆ ಅನ್ನಿಸುವುದಿಲ್ಲ, ಬಾಗಿಲು ತಟ್ಟಿದ ಹಾಗಿರುತ್ತದೆ. ಪ್ರತಿ ಪೆಟ್ಟಿಗೂ ಸರದಿಯ ಮೇಲೆ ಬೇರೆ ಬೇರೆ ಪ್ರತಿ ಎತ್ತಿಕೊಳ್ಳುವ ಏರ್ಪಾಡು ಬೇಕು, ರೌಂಡ್ ರಾಬಿನ್ ಅನ್ನುತ್ತಾರೆ. ಇನ್ನೊಂದು, ತಮಟೆಯ ನಡೆ ಚೌಕಗಳ ಮೇಲೆ ನೆಟ್ಟಗೆ ಕೂರುವುದಿಲ್ಲ. ಎರಡನೆಯ ಪೆಟ್ಟನ್ನು ತುಸು ತಡಮಾಡಿಸುವ ಸ್ವಿಂಗ್ ಅನ್ನುವ ಗುಂಡಿ ಇಂಥ ಎಷ್ಟೋ ಯಂತ್ರಗಳಲ್ಲಿ ಇದೆ, ರೋಜರ್ ಲಿನ್ ಅವರ ಕಾಲದಿಂದ. 50 ಅಂದರೆ ನೆಟ್ಟಗೆ, 66 ಅಂದರೆ ಮೂರರ ತೂಗು. ಮಾಗಡಿಯ ತಮಟೆ ನನ್ನ ಅಳತೆಗೆ ಇವೆರಡರ ನಡುವೆ ಎಲ್ಲೋ, ಅದೂ ಜೋರು ಏರಿದಂತೆ ಬದಲಾಗುತ್ತಾ ಹೋಗುತ್ತದೆ. ಹಾಗಾಗಿ ಸ್ವಿಂಗ್ ಕೂಡ ಸಾಲಿಗೊಂದು ಬೇಕು. ದಪ್ಪ ಡ್ರಮ್ಮು ನೆಟ್ಟಗೆ ಇರಲಿ, ತಮಟೆ ತನ್ನ ತೂಗಿನಲ್ಲಿ ಬರಲಿ.

ಇದನ್ನೆಲ್ಲ ಮನಸ್ಸಿನಲ್ಲೇ ಇಟ್ಟುಕೊಂಡು ಆಮೇಲೆ ಆ್ಯಪ್ ಬಂದಾಗ ಮುನಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅದಕ್ಕೇ ಮೊನ್ನೆ ರಾತ್ರಿ ಆ ಮನುಷ್ಯನಿಗೇ ಬರೆದೆ. ವಿಡಿಯೊದಲ್ಲಿ 14 ನೋಡಿದೆ, ಸಂತೋಷವಾಯಿತು, ಉದ್ದ ಎಷ್ಟರವರೆಗೆ ಹೋಗುತ್ತದೆ? ಸಾಲಿಗೊಂದು ಸ್ವಿಂಗ್ ಇದೆಯೇ? ರೌಂಡ್ ರಾಬಿನ್ ಇದೆಯೇ? ಜೊತೆಗೆ ತಮಟೆಯ ಮೂರು ಫೈಲು ಲಗತ್ತಿಸಿ, ಬಿಸಿ, ಆರುತ್ತಿರುವುದು, ಆರಿದ್ದು ಅಂತ ಹೆಸರಿಟ್ಟು ಕಳಿಸಿದೆ. ಬೆಳಗಾಗುವುದರೊಳಗೆ ಉತ್ತರ ಬಂದಿತ್ತು. ಉದ್ದ 64ರವರೆಗೆ. ಸ್ವಿಂಗ್ ಈಗ ಎಲ್ಲಕ್ಕೂ ಒಂದೇ, ಆದರೆ ಪ್ರಶ್ನೆ ಒಳ್ಳೆಯದು, ನೋಡುತ್ತೇನೆ. ರೌಂಡ್ ರಾಬಿನ್ ಇಲ್ಲ, ಬರುವುದೂ ಇಲ್ಲ. ಮೂರು ಪ್ಯಾಡಿಗೆ ಮೂರು ಫೈಲು ಹಾಕಿಕೊಂಡು ಕೈಯಲ್ಲೇ ಬದಲಿಸಿ ನುಡಿಸು. ಕೊನೆಗೆ ಅವನದೊಂದು ಪ್ರಶ್ನೆ: ಬಿಸಿ ಅಂದರೆ ಏನು, ಡ್ರಮ್ಮಿಗೆ ನಿಜವಾಗಲೂ ಬೆಂಕಿ ಇಡುತ್ತೀರಾ?

64 ಅಂದರೆ ಮಿಶ್ರಛಾಪು ನಾಲ್ಕು ಆವರ್ತ ಹಿಡಿಸಿ ಎಂಟು ಮನೆ ಮಿಗುತ್ತದೆ. ಈ ಸಲ ಉದ್ದವನ್ನು 56ಕ್ಕೆ ಎಳೆದು ಆ ಎಂಟನ್ನು ಕಿತ್ತುಹಾಕಬಹುದು. ಸ್ವಿಂಗ್ ಬಗ್ಗೆ ಇನ್ನೊಂದು ಸಲ ಬರೆಯಬೇಕು, ಸ್ವಲ್ಪ ಒತ್ತಾಯ ಮಾಡಿ. ಮಾಗಡಿಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದಾಗ ಹೆಂಡತಿ ತೆಗೆದ ಒಂದು ವಿಡಿಯೊ ಅವಳ ಫೋನಿನಲ್ಲಿದೆ, ಅದನ್ನೂ ಇಸಿದುಕೊಂಡು ಕಳಿಸುತ್ತೇನೆ.